ನಡುವೆ ನಿಲ್ಲಿಸಿದ ಮಗು



ಕಲಬುರಗಿಯವರಿಗೆ ‘ಜಗತ್’ ಎಂದೊಡನೆ ನೆನಪಾಗುವುದು ನಗರದ ಒಂದು ವೃತ್ತ ಮತ್ತು ಅದರ ಸುತ್ತಲಿನ ಬಡಾವಣೆ. ‘ಲೋಕ’ ಎಂಬ ಅರ್ಥ ಹೊಳೆಯುವುದು ಆಮೇಲೆ. ಆದರೂ ಆ ಹೆಸರು ಅನ್ವರ್ಥವಾಗಿಯೇ ಇದೆ. ವ್ಯಾಪಾರಿ, ನೌಕರ, ವಿದ್ಯಾರ್ಥಿ, ಕಮಲಾಪುರದ ಕಡೆಯಿಂದ ಕೆಲಸಕ್ಕೆಂದು ಬಂದ ರೈತ, ಹೀಗೆ ಎಲ್ಲರೂ ಹಾದುಹೋಗುವ ಅಂಥ ಸ್ಥಳದಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು, ಒಂದು ದರ್ಜೆ, ಒಂದು ಅವಸರ ಇರುತ್ತದೆ. ತಾಯಿಯ ಸೆರಗು ಹಿಡಿದು ರಸ್ತೆ ದಾಟುವ ಮಗುವಿಗೆ ಮಾತ್ರ ಇವು ಯಾವುವೂ ಇಲ್ಲ. ಅದಕ್ಕೆ ದಾರಿ ಗೊತ್ತಿಲ್ಲ. ಹೋಗಬೇಕಾದ ಸ್ಥಳವೂ ಗೊತ್ತಿಲ್ಲ. ತಾನು ಹಿಡಿದ ಸೆರಗು ಯಾರದೆಂಬುದು ಗೊತ್ತು. ಅಷ್ಟರ ಬಲದಿಂದಲೇ ಅದು ನಡೆಯುತ್ತದೆ.

ಮಕ್ಕಳಂತೆ ಆಗದಿದ್ದರೆ ಸ್ವರ್ಗಸಾಮ್ರಾಜ್ಯದ ಪ್ರವೇಶವಿಲ್ಲವೆಂದು ಯೇಸುಸ್ವಾಮಿ ಹೇಳಿದ್ದನ್ನು ನಾವೆಲ್ಲರೂ ಕೇಳಿದ್ದೇವೆ. ಪ್ರಬೋಧನೆಗಳಲ್ಲಿ, ಪ್ರಥಮ ಪರಮಪ್ರಸಾದದ ದಿನದ ಶುಭಾಶಯಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ. ಹಾಗೆ ಕೇಳಿ ಕೇಳಿ ಅದರ ಹರಿತ ನಮಗೆ ಮರೆತುಹೋಗಿದೆ. ಮುದ್ದಾದ ಮುಖ, ಕಪಟವಿಲ್ಲದ ನಗು ಎಂದಷ್ಟೇ ಅರ್ಥ ಮಾಡಿಕೊಂಡು ಮುಂದೆ ಸಾಗುತ್ತೇವೆ. ಪ್ರಭುವಿನ ಮಾತು ಅಷ್ಟು ಹಗುರವಾದುದೇ? ಧರ್ಮಸಭೆಯ ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಆ ಮಗು ಎಲ್ಲೆಲ್ಲಿ ನಿಂತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಲೆಕ್ಕಕ್ಕೆ ಸಿಗದವರು

ಸಂತ ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯ ಆರಂಭವಾಗುವುದು ಒಂದು ದರ್ಜೆಯ ಪ್ರಶ್ನೆಯಿಂದ. ಸ್ವರ್ಗಸಾಮ್ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂದು ಶಿಷ್ಯರು ಕೇಳುತ್ತಾರೆ. ಪ್ರಭು ಉತ್ತರವನ್ನು ಮಾತಿನಿಂದ ಆರಂಭಿಸುವುದಿಲ್ಲ. ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾರೆ. ಸಂತ ಮಾರ್ಕರ ಪ್ರಕಾರ ಶಿಷ್ಯರು ಇದೇ ವಿಷಯವನ್ನು ದಾರಿಯುದ್ದಕ್ಕೂ ಚರ್ಚಿಸಿ, ಕಫೆರ್ನವುಮಿನ ಮನೆಯಲ್ಲಿ ಪ್ರಭು ಕೇಳಿದಾಗ ಉತ್ತರಿಸಲಾರದೆ ಸುಮ್ಮನಾಗಿದ್ದರು.

ಆ ಕಾಲದಲ್ಲಿ ಮಗು ಎಂದರೆ ಏನಾಗಿತ್ತೆಂದು ತಿಳಿದರೆ ಶಿಷ್ಯರಿಗಾದ ಬೆರಗು ನಮಗೂ ಆಗುತ್ತದೆ. ರೋಮನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಕೂಸನ್ನು ಸಾಕಬೇಕೋ ಬಿಸುಡಬೇಕೋ ಎಂಬುದನ್ನು ನಿರ್ಧರಿಸುವ ಅಧಿಕಾರ ಮನೆಯ ಯಜಮಾನನಿಗಿತ್ತು. ಕ್ರಿ.ಪೂ. 1ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಿಂದ ಹಿಲಾರಿಯೊನ್ ಎಂಬಾತ ತನ್ನ ಪತ್ನಿಗೆ ಬರೆದ ಪತ್ರವೊಂದು ಇಂದಿಗೂ ಉಳಿದಿದೆ. ಹಣ ಕಳುಹಿಸುತ್ತೇನೆ, ಚಿಂತಿಸಬೇಡ ಎಂದು ಅಕ್ಕರೆಯಿಂದ ಬರೆದ ಅದೇ ಕೈ, ಹೆರಿಗೆಯಲ್ಲಿ ಗಂಡಾದರೆ ಉಳಿಸಿಕೋ, ಹೆಣ್ಣಾದರೆ ಬಿಸುಟುಬಿಡು ಎಂದೂ ಬರೆದಿದೆ. ಆತ ಕ್ರೂರಿಯಾಗಿರಲಿಲ್ಲ, ತನ್ನ ಕಾಲದ ಸಾಧಾರಣ ಮನುಷ್ಯನಾಗಿದ್ದ. ಯೆಹೂದ್ಯರು ಮಕ್ಕಳನ್ನು ದೇವರ ವರವೆಂದು ಭಾವಿಸಿ ಸಾಕುತ್ತಿದ್ದರು, ನಿಜ. ಆದರೆ ಅವರಲ್ಲಿಯೂ ಧರ್ಮಶಾಸ್ತ್ರದ ಚರ್ಚೆಯ ನಡುವೆ ನಿಲ್ಲುವ ಯೋಗ್ಯತೆ ಮಗುವಿಗೆ ಇರಲಿಲ್ಲ.

ಆದುದರಿಂದ ಪ್ರಭು ನಡುವೆ ನಿಲ್ಲಿಸಿದ್ದು ಮುಗ್ಧತೆಯ ಚಿತ್ರವನ್ನಲ್ಲ, ಲೆಕ್ಕಕ್ಕೆ ಸಿಗದ ಒಬ್ಬ ವ್ಯಕ್ತಿಯನ್ನು. ತಾಯಂದಿರು ತಂದ ಕೂಸುಗಳನ್ನು ಶಿಷ್ಯರು ಗದರಿಸಿ ತಡೆದ ಪ್ರಸಂಗವನ್ನು ಹೇಳುವಾಗ ಸಂತ ಲೂಕರು ಬಳಸುವ ಗ್ರೀಕ್ ಪದಕ್ಕೆ ಹಸುಗೂಸು ಎಂದೇ ಅರ್ಥ. ಹಸುಗೂಸಿನಲ್ಲಿ ಯಾವ ಸದ್ಗುಣವನ್ನು ಹುಡುಕುವುದು? ಅದು ಪ್ರಾರ್ಥಿಸಲಾರದು, ಉಪವಾಸ ಮಾಡಲಾರದು, ದಾನ ಕೊಡಲಾರದು. ಅದು ಮಾಡಬಲ್ಲದ್ದು ಒಂದೇ: ಎತ್ತಿಕೊಂಡವರ ತೋಳಿನಲ್ಲಿ ತನ್ನ ಭಾರವನ್ನೆಲ್ಲ ಬಿಡುವುದು. ದೇವರ ಸಾಮ್ರಾಜ್ಯವನ್ನು ಮಗುವಿನಂತೆ ಸ್ವೀಕರಿಸುವುದೆಂದರೆ ಇದೇ. ಸಂಪಾದನೆಯ ಹಕ್ಕಿನಿಂದ ಪಡೆಯದೆ, ಬರಿಗೈಯಲ್ಲಿ ಪಡೆಯುವುದು.

ಆದಿ ಕ್ರೈಸ್ತರು ಈ ಪಾಠವನ್ನು ಮೊದಲು ಕಲಿತದ್ದು ತಮ್ಮ ಮನೆಗಳಲ್ಲಿ. ಅತಿ ಪ್ರಾಚೀನ ಬೋಧನಾ ಗ್ರಂಥಗಳಲ್ಲೊಂದಾದ ‘ದಿದಾಖೆ’ ಭ್ರೂಣಹತ್ಯೆಯನ್ನೂ ಶಿಶುಹತ್ಯೆಯನ್ನೂ ಸ್ಪಷ್ಟವಾಗಿ ನಿಷೇಧಿಸುತ್ತದೆ. ಸುಮಾರು ಕ್ರಿ.ಶ. 253ರಲ್ಲಿ ಕಾರ್ಥೇಜಿನ ಸಂತ ಸಿಪ್ರಿಯನರು 66 ಮಂದಿ ಧರ್ಮಾಧ್ಯಕ್ಷರೊಡನೆ ಸೇರಿ, ನವಜಾತ ಶಿಶುವಿಗೆ ದೀಕ್ಷಾಸ್ನಾನ ನೀಡಲು ಎಂಟನೆಯ ದಿನದವರೆಗೆ ಕಾಯಬೇಕಾಗಿಲ್ಲವೆಂದು ತೀರ್ಮಾನಿಸಿದರು. ದೇವರ ಕೃಪೆ ವಯಸ್ಸನ್ನು ಅಳೆದು ಕೊಡುವಂಥದ್ದಲ್ಲ ಎಂಬುದು ಅವರ ವಾದವಾಗಿತ್ತು. ಕೊನೆಗೆ ಕ್ರಿ.ಶ. 374ರಲ್ಲಿ ಸಾಮ್ರಾಜ್ಯದ ಕಾನೂನೇ ಶಿಶುಹತ್ಯೆಯನ್ನು ಅಪರಾಧವೆಂದು ಸಾರಿತು. ಮಗುವನ್ನು ನಡುವೆ ನಿಲ್ಲಿಸಿದ ಆ ಒಂದು ಕ್ರಿಯೆ ರಾಜಶಾಸನವಾಗಿ ಮಾರ್ಪಡಲು ಮೂರು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು.

ಬಾಗಿಲ ಬಳಿಯ ಹುಡುಗಿ, ಕೋಳೂರಿನ ಹುಡುಗಿ

ಮಗುವಿನಂಥ ವಿಶ್ವಾಸ ಹೇಗಿರುತ್ತದೆಂದು ತೋರಿಸುವ ಒಂದು ಪ್ರಸಂಗ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದ 12ನೆಯ ಅಧ್ಯಾಯದಲ್ಲಿದೆ. ಸಂತ ಪೇತ್ರರು ಸೆರೆಮನೆಯಲ್ಲಿದ್ದರು. ಅವರ ಬಿಡುಗಡೆಗಾಗಿ ಭಕ್ತರು ಮಾರ್ಕನ ತಾಯಿಯಾದ ಮರಿಯಳ ಮನೆಯಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದರು. ದೇವದೂತನಿಂದ ಬಿಡುಗಡೆ ಹೊಂದಿದ ಪೇತ್ರರು ಬಂದು ಬಾಗಿಲು ತಟ್ಟಿದಾಗ ಓಡಿಬಂದವಳು ರೋದೆ ಎಂಬ ಕೆಲಸದ ಹುಡುಗಿ. ಧ್ವನಿ ಕೇಳಿದ್ದೇ ತಡ, ಸಂತೋಷದಿಂದ ಬಾಗಿಲು ತೆರೆಯುವುದನ್ನೂ ಮರೆತು ಒಳಗೆ ಓಡಿ ಸುದ್ದಿ ಹೇಳಿದಳು. ಪ್ರಾರ್ಥಿಸುತ್ತಿದ್ದ ಹಿರಿಯರು ಆಕೆಗೆ ಹುಚ್ಚು ಹಿಡಿದಿದೆ ಎಂದರು. ಯಾವುದಕ್ಕಾಗಿ ಮೊಣಕಾಲೂರಿದ್ದರೋ ಅದೇ ಬಾಗಿಲಿಗೆ ಬಂದಾಗ ನಂಬಿದವಳು ಅವಳೊಬ್ಬಳೇ.

ಇದನ್ನು ಓದುವಾಗ ಕನ್ನಡಿಗರಿಗೆ ಇನ್ನೊಬ್ಬ ಹುಡುಗಿ ನೆನಪಾಗದೆ ಇರಲಾರಳು. ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ, ಜನಪದರು ಹಾಡಿಕೊಂಡು ಬಂದ ಕೋಳೂರು ಕೊಡಗೂಸಿನ ಕಥೆ ಅದು. ದಿನವೂ ಶಿವನಿಗೆ ಹಾಲಿನ ನೈವೇದ್ಯ ಮಾಡುತ್ತಿದ್ದ ತಂದೆ ಊರಿಗೆ ಹೋಗುವಾಗ ಆ ಕೆಲಸವನ್ನು ಮಗಳಿಗೆ ಒಪ್ಪಿಸುತ್ತಾನೆ. ಶಿವನು ಹಾಲನ್ನು ಕುಡಿಯುತ್ತಾನೆಂದೇ ಅವಳು ನಂಬಿದ್ದಳು. ಕುಡಿಯದಿದ್ದಾಗ ಅತ್ತಳು, ಬೇಡಿದಳು, ಪ್ರಾಣ ಬಿಡಲೂ ಸಿದ್ಧಳಾದಳು. ಕೊನೆಗೆ ಶಿವನು ಕುಡಿದನು. ಹಿಂದಿರುಗಿದ ತಂದೆ ಮಾತ್ರ ಅದನ್ನು ನಂಬಲಿಲ್ಲ. ನಮ್ಮ ಕ್ರೈಸ್ತ ವಿಶ್ವಾಸ ಆ ಕಥೆಯ ವಿಶ್ವಾಸಕ್ಕಿಂತ ಬೇರೆ. ಆದರೂ ಮನುಷ್ಯನ ಹೃದಯವನ್ನು ಕುರಿತು ಅದು ಹೇಳುವ ಸತ್ಯ ನಮ್ಮ ಮನೆಗಳಿಗೂ ಸಲ್ಲುತ್ತದೆ. ತಂದೆ ವರ್ಷಗಟ್ಟಲೆ ಹಾಲನ್ನಿಟ್ಟಿದ್ದ. ದೇವರು ಕುಡಿದಾನೆಂದು ಎಂದೂ ನಿರೀಕ್ಷಿಸಿರಲಿಲ್ಲ. ಮಗಳು ಒಂದೇ ದಿನ ಇಟ್ಟಳು, ನಿರೀಕ್ಷಿಸಿದಳು.

ಓದುಗರೇ, ದಿನವೂ ‘ನಮ್ಮ ತಂದೆಯೇ’ ಎಂದು ಹೇಳುವ ನಾವು ಈ ಇಬ್ಬರಲ್ಲಿ ಯಾರಂತೆ? ಹಿರಿಯರು ಕಲಿಸಿದ ಮಾತನ್ನು ಕಿರಿಯರು ಮಾತಿನಂತೆಯೇ ನಂಬಿಬಿಡುತ್ತಾರೆ. ಆಗ ಕಲಿಸಿದವರೇ ತಬ್ಬಿಬ್ಬಾಗುತ್ತಾರೆ.

ಗಂಟೆಯ ಹಿಂದೆ ಬಂದ ಮಕ್ಕಳು

ಭಾರತದ ಕ್ರೈಸ್ತ ಚರಿತ್ರೆಯಲ್ಲಿಯೂ ಮಕ್ಕಳದು ಚಿಕ್ಕ ಪಾತ್ರವಲ್ಲ. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರರು ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿಯಲ್ಲಿ ಬಾರಿಸುತ್ತ ಮಕ್ಕಳನ್ನೂ ಗುಲಾಮರನ್ನೂ ಒಟ್ಟುಗೂಡಿಸುತ್ತಿದ್ದರು. ಮುಂದೆ ತಮಿಳುನಾಡಿನ ಮುತ್ತಿನ ಕರಾವಳಿಯಲ್ಲಿಯೂ ಮಕ್ಕಳಿಗೆ ಪ್ರಾರ್ಥನೆಗಳನ್ನು ರಾಗವಾಗಿ ಕಲಿಸಿ, ಅವರ ಬಾಯಿಂದ ತಂದೆತಾಯಿಯರಿಗೂ ನೆರೆಹೊರೆಯವರಿಗೂ ತಲುಪಿಸಿದರು. ರೋಗಿಗಳ ಮನೆಗಳಿಂದ ಕರೆ ಬಂದಾಗ, ಎಲ್ಲೆಡೆಯೂ ತಾವೇ ಹೋಗಲಾಗದೆ, ಪ್ರಾರ್ಥಿಸಲು ಮಕ್ಕಳನ್ನು ಕಳುಹಿಸುತ್ತಿದ್ದರೆಂದು 1544ರ ಅವರ ಪತ್ರದಿಂದ ತಿಳಿಯುತ್ತದೆ.

ಕನ್ನಡ ನೆಲದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. 17ನೆಯ ಶತಮಾನದ ನಡುಗಾಲದಲ್ಲಿ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಇಟಾಲಿಯನ್ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದರು. ಎರಡು ಶತಮಾನಗಳ ತರುವಾಯ, 1853ರಲ್ಲಿ, ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲ್ ಬಂದರು. 1894ರಲ್ಲಿ ಅವರ ಕನ್ನಡ ನಿಘಂಟು ಹೊರಬಂದಿತು. ಪಾಂಡಿತ್ಯ ಪಡೆದು ಬಂದ ಇಂಥವರು ಇಲ್ಲಿ ಮೊದಲು ಮಾಡಿದ ಕೆಲಸ ತೊದಲುವುದು. ನೀರಿಗೆ ಏನೆನ್ನಬೇಕು, ಅನ್ನಕ್ಕೆ ಏನೆನ್ನಬೇಕು ಎಂದು ಕೂಲಿಯವರನ್ನೂ ಮಕ್ಕಳನ್ನೂ ಕೇಳಿ ತಿಳಿಯಬೇಕಾದ ಸ್ಥಿತಿ ಪರಭಾಷೆಯ ನಾಡಿಗೆ ಬಂದ ಪ್ರತಿಯೊಬ್ಬನದೂ ಹೌದು. ಬೋಧಿಸಲು ಬಂದವರು ಮೊದಲು ಮಕ್ಕಳಾಗಬೇಕಾಯಿತು. ಬಹುಶಃ ಅದೇ ಅವರ ಮೊದಲ ಬೋಧನೆ.

ತಡೆದು ನಿಲ್ಲಿಸಿದ ಕಾಲ

ಹಾಗೆಂದು ಚರಿತ್ರೆಯೆಲ್ಲ ಬೆಳಕಿನದಲ್ಲ. ಕೂಸುಗಳನ್ನು ತಡೆದ ಶಿಷ್ಯರ ಗದರಿಕೆ ಧರ್ಮಸಭೆಯೊಳಗೆ ಮತ್ತೆ ಮತ್ತೆ ಕೇಳಿಬಂದಿದೆ. ಪ್ರಾಚೀನ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಕೂಸುಗಳಿಗೂ ಪರಮಪ್ರಸಾದ ಸಿಗುತ್ತಿತ್ತು. ಪೌರ್ವಾತ್ಯ ಧರ್ಮಸಭೆಗಳಲ್ಲಿ ಈ ಪದ್ಧತಿ ಇಂದಿಗೂ ಇದೆ. ಪಶ್ಚಿಮದಲ್ಲಿ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿವೇಚನೆಯ ವಯಸ್ಸಿಗೆ ಬಂದವರು ವರ್ಷಕ್ಕೊಮ್ಮೆಯಾದರೂ ಪರಮಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ಆ ವಯಸ್ಸು ಯಾವುದೆಂಬ ಲೆಕ್ಕದಲ್ಲಿ ಹಿರಿಯರು ಬರಬರುತ್ತ ಕಠಿಣರಾದರು. 17ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹಬ್ಬಿದ ಜಾನ್ಸೆನ್ ಪಂಥದ ಪ್ರಭಾವದಿಂದ ಪರಮಪ್ರಸಾದವು ಯೋಗ್ಯತೆ ಗಳಿಸಿದವರಿಗೆ ಕೊಡುವ ಬಹುಮಾನ ಎಂಬ ಭಾವನೆ ಬೇರೂರಿತು. ಅನೇಕ ಕಡೆ ಮಕ್ಕಳು ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನಾಲ್ಕು ವರ್ಷಗಳವರೆಗೂ ಕಾಯಬೇಕಾಯಿತು.

1910ರ ಆಗಸ್ಟ್ 8ರಂದು ಜಗದ್ಗುರು ಸಂತ ಹತ್ತನೆಯ ಪಿಯುಸರ ಕಾಲದ ಆಜ್ಞಾಪತ್ರ ಈ ಬಾಗಿಲನ್ನು ತೆರೆಯಿತು. ಸುಮಾರು ಏಳನೆಯ ವಯಸ್ಸೇ ವಿವೇಚನೆಯ ವಯಸ್ಸೆಂದೂ, ಸಾಧಾರಣ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸವನ್ನು ಅರಿತು, ತನ್ನ ವಯಸ್ಸಿಗೆ ತಕ್ಕ ಭಕ್ತಿಯಿಂದ ಬರಬಲ್ಲ ಮಗುವನ್ನು ತಡೆಯಬಾರದೆಂದೂ ಅದು ಸಾರಿತು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಬಿಳಿಯ ಉಡುಪು ತೊಟ್ಟ ಪುಟ್ಟ ಮಕ್ಕಳು ಸಾಲಾಗಿ ನಡೆದುಬರುವುದನ್ನು ಕಂಡು ಕಣ್ಣು ತುಂಬಿಕೊಳ್ಳುವ ಅಜ್ಜ ಅಜ್ಜಿಯರು, ಆ ಸಾಲಿನ ಹಿಂದೆ ಇಂಥದೊಂದು ಹೋರಾಟವಿತ್ತೆಂದು ಮೊಮ್ಮಕ್ಕಳಿಗೆ ಹೇಳಬೇಕು.

ಕತ್ತಲೆಯಲ್ಲಿಯೂ ಬಿಡದ ಕೈ

ಹಾಗೆ ಕಾದ ಮಕ್ಕಳಲ್ಲಿ ಒಬ್ಬಳು ಫ್ರಾನ್ಸಿನ ಲಿಸಿಯದ ತೆರೇಸ. 1873ರ ಜನವರಿ 2ರಂದು ಹುಟ್ಟಿದ ಆಕೆಗೆ ಪ್ರಥಮ ಪರಮಪ್ರಸಾದ ದೊರೆತದ್ದು 1884ರ ಮೇ 8ರಂದು, ಹನ್ನೊಂದನೆಯ ವಯಸ್ಸಿನಲ್ಲಿ. ನಾಲ್ಕೂವರೆ ವರ್ಷದವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡಿದ್ದಳು. ಹದಿನೈದರಲ್ಲಿ ಕಾರ್ಮೆಲ್ ಮಠ ಸೇರಿ ಬಾಲಯೇಸುವಿನ ಹೆಸರನ್ನೂ ಪ್ರಭುವಿನ ನೊಂದ ಮುಖದ ಹೆಸರನ್ನೂ ತನ್ನ ಹೆಸರಿನೊಡನೆ ಧರಿಸಿದಳು. 1897ರ ಸೆಪ್ಟೆಂಬರ್ 30ರಂದು, 24ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ಮರಣ ಹೊಂದಿದಳು.

ಆಕೆ ತೋರಿದ ‘ಕಿರುದಾರಿ’ಯ ಮರ್ಮ ಸರಳ. ಪಾವಿತ್ರ್ಯದ ಎತ್ತರದ ಮೆಟ್ಟಿಲುಗಳನ್ನು ಹತ್ತಲಾರದ ಮಗು ತಾನು. ಶ್ರೀಮಂತರ ಮನೆಗಳಲ್ಲಿ ಆಗತಾನೇ ಬಂದಿದ್ದ ಲಿಫ್ಟಿನಂತೆ, ತನ್ನನ್ನು ಎತ್ತಿಕೊಳ್ಳಲು ಯೇಸುವಿನ ತೋಳುಗಳಿವೆ ಎಂದು ಆಕೆ ಬರೆದಳು. ಇದನ್ನು ಓದಿ ಸಿಹಿಯಾದ ಭಾವುಕತೆ ಎಂದುಕೊಳ್ಳುವವರು ಆಕೆಯ ಕೊನೆಯ ದಿನಗಳನ್ನು ಓದಬೇಕು. 1896ರ ಪಾಸ್ಖ ಹಬ್ಬದಿಂದ ಮರಣದವರೆಗಿನ ಸುಮಾರು ಹದಿನೆಂಟು ತಿಂಗಳು ಆಕೆಯ ಆತ್ಮವನ್ನು ದಟ್ಟ ಕತ್ತಲೆ ಕವಿದಿತ್ತು. ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಶೋಧನೆ ಬಿಡದೆ ಕಾಡಿತ್ತು. ಆ ಕತ್ತಲೆಯಲ್ಲಿ ಆಕೆ ಏನನ್ನೂ ಕಾಣಲಿಲ್ಲ; ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ. ಮಗುವಿನಂಥ ವಿಶ್ವಾಸಕ್ಕೂ ಸುಖದ ಭಾವನೆಗೂ ಸಂಬಂಧವಿಲ್ಲವೆಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1925ರಲ್ಲಿ ಸಂತಳೆಂದೂ, 1927ರಲ್ಲಿ ಧರ್ಮಪ್ರಚಾರ ಕಾರ್ಯದ ಪಾಲಕಿಯೆಂದೂ, 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದೂ ಆಕೆಯನ್ನು ಘೋಷಿಸಲಾಯಿತು. ಪಂಡಿತರ ಸಾಲಿನಲ್ಲಿ ಮತ್ತೊಮ್ಮೆ ಒಂದು ಮಗುವನ್ನು ತಂದು ನಿಲ್ಲಿಸಿದಂತಾಯಿತು.

ನಮ್ಮ ನಾಡಿನಲ್ಲಿ ಬೆಂಗಳೂರಿನ ವಿವೇಕನಗರದ ಹಾಗೂ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಗಳಿಗೆ ಎಲ್ಲ ಮತಗಳ ಜನರೂ ಬರುತ್ತಾರೆ. ಬರುವವರು ರೋಗ, ಸಾಲ, ಮಕ್ಕಳಿಲ್ಲದ ಕೊರಗು ಹೊತ್ತು ಬರುತ್ತಾರೆ. ದೇವರು ಸ್ವತಃ ಕೂಸಾಗಿ, ಇನ್ನೊಬ್ಬರ ತೋಳಿಗೆ ತನ್ನ ಭಾರವನ್ನು ಬಿಟ್ಟನು ಎಂಬ ನಂಬಿಕೆಯೇ ಅವರನ್ನು ಅಲ್ಲಿಗೆ ಕರೆದೊಯ್ಯುತ್ತದೆ.

ಮಗುವಿನಂತೆ, ಆದರೆ ಬುದ್ಧಿಯಲ್ಲಿ ಮಕ್ಕಳಾಗದೆ

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಮಗುವಿನಂಥ ವಿಶ್ವಾಸವೆಂದರೆ ಪ್ರಶ್ನಿಸದಿರುವುದು ಎಂಬ ತಪ್ಪು ತಿಳಿವಳಿಕೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಕೆಟ್ಟತನದ ವಿಷಯದಲ್ಲಿ ಕೂಸುಗಳಾಗಿರಲು ಹೇಳುತ್ತಾರೆ, ಆಲೋಚನೆಯಲ್ಲಿ ಮಾತ್ರ ಪ್ರೌಢರಾಗಬೇಕೆನ್ನುತ್ತಾರೆ. ನಿಜವಾದ ಮಗುವಿನಷ್ಟು ಪ್ರಶ್ನೆ ಕೇಳುವವರು ಬೇರೆ ಯಾರಿದ್ದಾರೆ? ಹನ್ನೆರಡರ ಬಾಲಯೇಸು ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನಿಸುತ್ತಿದ್ದರು. ಮಾತೆ ಮರಿಯಮ್ಮನವರು ದೇವದೂತನಿಗೆ, ಇದು ಹೇಗಾದೀತೆಂದು ಕೇಳಿದ ಮೇಲೆಯೇ ತಮ್ಮನ್ನು ಒಪ್ಪಿಸಿಕೊಂಡರು. ನಂಬಿಕೆ ಇರುವಲ್ಲಿ ಮಾತ್ರ ಮಗು ನಿರ್ಭಯವಾಗಿ ಕೇಳುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ಪ್ರಶ್ನೆ ಕೇಳಿದ ಮಗುವನ್ನು ಸುಮ್ಮನಿರಿಸಿದರೆ ನಾವು ಅದರ ವಿಶ್ವಾಸವನ್ನು ರಕ್ಷಿಸಿದಂತಲ್ಲ. ಕೂಸುಗಳನ್ನು ಗದರಿಸಿದ ಶಿಷ್ಯರ ಸಾಲಿಗೆ ಸೇರಿದಂತೆ.

ಎರಡನೆಯ ಎಚ್ಚರಿಕೆ ಇನ್ನೂ ಗಂಭೀರವಾದುದು. ಮತ್ತಾಯರ ಅದೇ 18ನೆಯ ಅಧ್ಯಾಯದಲ್ಲಿ, ಮಗುವನ್ನು ಹೊಗಳಿದ ಬೆನ್ನಲ್ಲೇ ಪ್ರಭು ಬೀಸುವ ಕಲ್ಲಿನ ಮಾತನ್ನಾಡುತ್ತಾರೆ. ತಮ್ಮನ್ನು ನಂಬುವ ಈ ಚಿಕ್ಕವರಲ್ಲಿ ಒಬ್ಬರ ಪತನಕ್ಕೆ ಕಾರಣನಾಗುವವನು, ಕೊರಳಿಗೆ ಕಲ್ಲು ಕಟ್ಟಿಸಿಕೊಂಡು ಸಮುದ್ರದಲ್ಲಿ ಮುಳುಗುವುದೇ ಲೇಸು ಎನ್ನುತ್ತಾರೆ. ಮೊದಲ ಮಾತನ್ನು ಹಬ್ಬಗಳಲ್ಲಿ ಹೇಳಿ, ಎರಡನೆಯದನ್ನು ಮರೆಯಲು ನಮಗೆ ಅಧಿಕಾರವಿಲ್ಲ. ಸೆರಗು ಹಿಡಿದ ಮಗು ನಂಬುವುದು ತನ್ನ ಶಕ್ತಿಯನ್ನಲ್ಲ, ಹಿರಿಯರ ಮಾತನ್ನು. ಆ ಮಾತು ಸುಳ್ಳಾದರೆ ಮಗು ಕಳೆದುಕೊಳ್ಳುವುದು ಒಬ್ಬ ಹಿರಿಯನನ್ನು ಮಾತ್ರವಲ್ಲ. ಎಷ್ಟೋ ಸಲ ದೇವರನ್ನೇ ಕಳೆದುಕೊಳ್ಳುತ್ತದೆ. ಧರ್ಮಸಭೆಯೊಳಗೇ ಮಕ್ಕಳ ನಂಬಿಕೆಗೆ ದ್ರೋಹವಾದ ಘಟನೆಗಳು ಕಳೆದ ದಶಕಗಳಲ್ಲಿ ಅನೇಕ ದೇಶಗಳಲ್ಲಿ ಬೆಳಕಿಗೆ ಬಂದವು; ಮುಚ್ಚಿಟ್ಟದ್ದರಿಂದ ಗಾಯ ಇನ್ನಷ್ಟು ಆಳವಾಯಿತು. ಜಗದ್ಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿ, 2023ರಲ್ಲಿ ಶಾಶ್ವತಗೊಳಿಸಿದ ಆದೇಶದ ಪ್ರಕಾರ ಇಂಥ ವಿಷಯ ತಿಳಿದ ಗುರುಗಳೂ ಧಾರ್ಮಿಕ ಸಭೆಗಳ ಸದಸ್ಯರೂ ಅದನ್ನು ವರದಿ ಮಾಡಲೇಬೇಕು. ನಮ್ಮ ದೇಶದ 2012ರ ಪೋಕ್ಸೊ ಕಾಯಿದೆ ಈ ಹೊಣೆಯನ್ನು ಪ್ರತಿಯೊಬ್ಬ ನಾಗರಿಕನ ಮೇಲೂ ಹೊರಿಸಿದೆ. ಮನೆಯ ಮಾನ, ಸಂಸ್ಥೆಯ ಮಾನ ಎಂದು ಬಾಯಿ ಮುಚ್ಚಿಸುವವರು ಮಗುವನ್ನು ನಡುವಿನಿಂದ ಮತ್ತೆ ಮೂಲೆಗೆ ತಳ್ಳುತ್ತಾರೆ. ಮಕ್ಕಳ ಸುರಕ್ಷತೆ ಕಾನೂನಿನ ಕಾಟವಲ್ಲ; ಮಗುವಿನಂಥ ವಿಶ್ವಾಸವನ್ನು ಕುರಿತ ನಮ್ಮ ಬೋಧನೆಯ ಇನ್ನೊಂದು ಅರ್ಧ.

ನಮ್ಮ ಮನೆಯ ಪಾಠ

ಬಳ್ಳಾರಿ ಧರ್ಮಕ್ಷೇತ್ರದಿಂದ ಬೇರ್ಪಟ್ಟು ಕಲಬುರಗಿಯ, ಅಂದಿನ ಗುಲ್ಬರ್ಗದ, ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರ ಜೂನ್ 24ರಂದು. ಅದು ಸ್ನಾನಿಕ ಯೊವಾನ್ನರ ಜನನೋತ್ಸವದ ದಿನ. ಪ್ರಭುವಿನ ಬರುವಿಕೆಯನ್ನು ಮೊಟ್ಟಮೊದಲು ಗುರುತಿಸಿ, ತಾಯಿಯ ಗರ್ಭದಲ್ಲಿಯೇ ಸಂತೋಷದಿಂದ ನಲಿದಾಡಿದ ಕೂಸು ಈ ಯೊವಾನ್ನರು. ಕ್ರೈಸ್ತರು ವಿರಳವಾಗಿರುವ, ಧರ್ಮಕೇಂದ್ರಗಳು ದೂರದೂರ ಇರುವ ಈ ಸೀಮೆಯಲ್ಲಿ ವಿಶ್ವಾಸ ಬೆಳೆಯಬೇಕಾದ ಮೊದಲ ಸ್ಥಳ ಮನೆಯೇ ಆಗಿದೆ.

ಕಮಲಾಪುರದ ಕೆಂಪು ಬಾಳೆಯನ್ನು ನೀವು ಬಲ್ಲಿರಿ. ಬೇರೆ ಬಾಳೆ ಸುಮಾರು ಒಂದು ವರ್ಷದಲ್ಲಿ ಕೈಗೆ ಬಂದರೆ, ಇದು ಒಂದೂವರೆ ವರ್ಷದಷ್ಟು ಕಾಲವನ್ನು ಬೇಡುತ್ತದೆ. ಅದನ್ನು ಬೆಳೆಯುವ ರೈತ ಗಿಡವನ್ನು ಜಗ್ಗಿ ಉದ್ದ ಮಾಡುವುದಿಲ್ಲ; ನೀರು ಗೊಬ್ಬರ ಕೊಟ್ಟು ಕಾಯುತ್ತಾನೆ. ಮಕ್ಕಳ ವಿಶ್ವಾಸವನ್ನು ಪರೀಕ್ಷೆಯ ಅಂಕಗಳಂತೆ ಅವಸರದಿಂದ ಅಳೆಯುವ ನಮಗೆ ಆ ತೋಟದ ತಾಳ್ಮೆ ಬೇಕು.

ಈ ರಾತ್ರಿ ಕುಟುಂಬ ಪ್ರಾರ್ಥನೆಯನ್ನು ಮನೆಯ ಅತ್ಯಂತ ಚಿಕ್ಕ ಮಗು ಆರಂಭಿಸಲಿ. ಅದು ತಪ್ಪಿದರೆ ತಿದ್ದಲು ಆತುರಪಡಬೇಡಿ. ಅದು ಯಾವುದಕ್ಕಾಗಿ ಬೇಡಿಕೊಳ್ಳುತ್ತದೆಂದು ಕೇಳಿಸಿಕೊಳ್ಳಿ. ಅದರ ಬೇಡಿಕೆಯಲ್ಲಿ ನೀವು ನೆರವೇರಿಸಬಲ್ಲದ್ದೇನಾದರೂ ಇದ್ದರೆ ನೆರವೇರಿಸಿ. ಅದು ಏನಾದರೂ ಹೇಳಲು ಹೆದರುತ್ತಿದೆ ಎನಿಸಿದರೆ, ಪ್ರಾರ್ಥನೆ ಮುಗಿದ ಮೇಲೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪೂರ್ತಿಯಾಗಿ ಕೇಳಿ, ನಂಬಿ. ಶಿಷ್ಯರ ನಡುವೆ ಆ ಮಗುವನ್ನು ನಿಲ್ಲಿಸಿದ ಪ್ರಭು, ನಮ್ಮ ಮಕ್ಕಳು ಹಿಡಿದ ಕೈಗಳನ್ನು ನಂಬಿಕೆಗೆ ಯೋಗ್ಯವಾಗಿಸಲಿ. ಕತ್ತಲೆಯ ಗಳಿಗೆಯಲ್ಲಿ ತಮ್ಮ ಕೈ ಬಿಡದಷ್ಟು ಮಗುತನವನ್ನು ನಮಗೂ ಕರುಣಿಸಲಿ.